ನನ್ನದಲ್ಲದ ಒಂದು ಓಟು

ದೂಮಣ್ಣ, ನಮ್ಮೂರಿನ ಶಾಲೆಯಲ್ಲಿ ನಿನಗೆ ಬಿದ್ದ ಆ ಒಂದೇ ಒಂದು ಓಟು ನನ್ನದಲ್ಲ. ಇಷ್ಟು ವರ್ಷ ನೀನು ನನ್ನದೆಂದು ನಂಬಿದೆ, ನಾನೂ ನಂಬಲು ಬಿಟ್ಟೆ. ಅಷ್ಟು ಮಾತ್ರವಲ್ಲ — ಉಳಿದ ಓಟುಗಳನ್ನು ನಿನಗೆ ತಪ್ಪಿಸಿದವನೂ ನಾನೇ.

ಐವತ್ತರ ದಶಕದ ಆ ಚುನಾವಣೆಯನ್ನು ನೀನು ಮರೆತಿರಲಾರೆ. ಒಂದು ಮುಡಿ ಅಕ್ಕಿಯನ್ನು ಹೊರಗೆ ಸಾಗಿಸಬೇಕಾದರೂ ಪರ್ಮಿಟ್ಟಿಗಾಗಿ ಬಂಟ್ವಾಳದ ಕಚೇರಿಯಲ್ಲಿ ಕಾದು ಕೂರುತ್ತಿದ್ದ ಕಾಲ. ಫರಂಗಿಪೇಟೆಯಲ್ಲಿ ನಿನ್ನ ಅಕ್ಕಿ ಗಿರಣಿ, ಇಲ್ಲಿ ನನ್ನ ಅಂಗಡಿ — ಒಂದೇ ಬೆಂಚಿನಲ್ಲಿ ಕೂತು ಒಬ್ಬನೇ ಗುಮಾಸ್ತನ ಮುಖ ನೋಡಿದವರು ನಾವು. ಕೊನೆಗೆ ನೀನು ರೋಸಿಹೋಗಿ, ಪರ್ಮಿಟ್ಟೇ ಬೇಡ ಎನ್ನುತ್ತಿದ್ದ ಆ ಸಣ್ಣ ಪಕ್ಷದಿಂದ ನಿಂತೆ. ನಮ್ಮ ಜಗಲಿಗೆ ಬಂದು, "ಸರಕಾರ ರಸ್ತೆ ನೋಡ್ಲಿ, ಕಳ್ಳರನ್ನು ಹಿಡೀಲಿ. ನಮ್ಮ ಅಕ್ಕಿ ಎಲ್ಲಿಗೆ ಹೋಗ್ಬೇಕು ಅಂತ ನಾವೇ ನೋಡುವ" ಎಂದೆ. ಸೇರಿದವರೆಲ್ಲ ತಲೆಯಾಡಿಸಿದರು. ನನ್ನ ಹೆಂಡತಿ ಗಿರಿಜೆ ತಂದಿಟ್ಟ ಹರಿವಾಣದಿಂದ ನೀನು ಒಬ್ಬೊಬ್ಬರಿಗೂ ವೀಳ್ಯ ಕೊಟ್ಟೆ; ಮೊದಲು ಕೈ ಚಾಚಿದವನು ನಾನು. ನಮ್ಮಲ್ಲಿ ವೀಳ್ಯ ಹಿಡಿದ ಮೇಲೆ ಮಾತು ಕೊಟ್ಟ ಹಾಗೆ.

ಮತದಾನದ ಬೆಳಿಗ್ಗೆ ನನ್ನ ತಲೆ ಲೆಕ್ಕಾಚಾರ ಹಾಕತೊಡಗಿತು. ಗೆಲ್ಲುವ ಹಾಗಿದ್ದವರು ಇಬ್ಬರೇ — ಆಳುವ ಪಕ್ಷದವರು, ಮತ್ತು ಅಂಗಡಿ ಗಿರಣಿಗಳನ್ನೆಲ್ಲ ಸರಕಾರವೇ ವಹಿಸಿಕೊಳ್ಳಬೇಕು ಎನ್ನುತ್ತಿದ್ದ ಇನ್ನೊಬ್ಬರು. ನಿನಗೆ ಹಾಕಿದರೆ ಓಟು ಒಡೆದು ಆ ಇನ್ನೊಬ್ಬರೇ ಗೆದ್ದಾರು ಎಂದು ಹೆದರಿದೆ. ಅದು ಸುಳ್ಳು ಹೆದರಿಕೆ ಎಂದು ಇವತ್ತೂ ಹೇಳಲಾರೆ. ಆದರೆ ಹೆದರಿದವನು ನಿನ್ನ ಹತ್ತಿರ ಬಂದು ಹೇಳಬೇಕಿತ್ತು. ನಾನು — ಶಾಲೆಯ ಮುಂದೆ ಸಾಲಿನಲ್ಲಿ ನಿಂತವರ ಕಿವಿಯಲ್ಲಿ ಹೇಳಿದೆ.

"ದೂಮಣ್ಣ ಒಳ್ಳೆಯವ, ಮಾರಾಯ್ರೆ. ಆದ್ರೆ ಅವನಿಗೆ ಹಾಕಿದ್ರೆ ಓಟು ಹಾಳು."

ಅಷ್ಟೇ ಸಾಕಾಯಿತು. ಆಗೆಲ್ಲ ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ನಿನ್ನ ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತೆ — ನಿಂತದ್ದು ಹೌದು — ಆಮೇಲೆ ಚೀಟಿಯನ್ನು ಪಕ್ಕದ, ಆಳುವ ಪಕ್ಷದ ಪೆಟ್ಟಿಗೆಗೆ ಹಾಕಿದೆ.

ಎಣಿಕೆಯಲ್ಲಿ ನಮ್ಮೂರಿನ ನಿನ್ನ ಪೆಟ್ಟಿಗೆಯಿಂದ ಒಂದೇ ಚೀಟಿ ಹೊರಬಂತು. ಠೇವಣಿ ಕಳೆದುಕೊಂಡ ನೀನು ನೇರ ನಮ್ಮ ಮನೆಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟೆ. "ಎಲ್ರೂ ಕೈಕೊಟ್ರು. ನೀನೊಬ್ಬ ಕೊಡ್ಲಿಲ್ಲ. ನನಗೆ ಅಷ್ಟು ಸಾಕು ಮಾರಾಯ." ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ನೀನು ಹೋದ ಮೇಲೆ ಗಿರಿಜೆ ಹೇಳಿದಳು, "ಅದು ನಾನು ಹಾಕಿದ್ದು. ವೀಳ್ಯ ಹೋದದ್ದು ನಮ್ಮ ಹರಿವಾಣದಿಂದ ಅಲ್ವಾ? ಬೇರೆಯವರಿಗೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅವರಿಗೆ ನೀವೇ ಹೇಳಿ." ಹೂಂ ಎಂದೆ. ಹೇಳಲಿಲ್ಲ. ನಿನ್ನ ಗಿರಣಿಗೆ ಹೋದಾಗಲೆಲ್ಲ ನೀನು ಎದ್ದು ನಿಂತು ನನಗೆ ಕುರ್ಚಿ ಬಿಟ್ಟುಕೊಟ್ಟಾಗ, ನಾಚಿಕೆಯಾಗುತ್ತಿತ್ತು — ಆದರೂ ಕೂರುತ್ತಿದ್ದೆ.

ಆಮೇಲೊಮ್ಮೆ, ಪರ್ಮಿಟ್ ಸಡಿಲಿಸಿ ಎಂದು ಕೇಳಲು ಊರಿನವರು ಸೇರಿ, ಗೆದ್ದಿದ್ದ ಆಳುವ ಪಕ್ಷದವರ ಬಳಿ ಹೋದೆವು. ಅವರು ನಕ್ಕುಬಿಟ್ಟರು. "ಪರ್ಮಿಟ್ ಬೇಡ ಅಂತ ಹೇಳುವವ ನಿಮ್ಮೂರಲ್ಲಿ ಒಬ್ಬನೇ ಅಲ್ವಾ?"

ನಾವೆಲ್ಲ ನಿನಗೇ ಹಾಕಿದ್ದರೆ ಇನ್ನೂ ಕೆಡುತ್ತಿತ್ತೋ ಏನೋ — ನನಗೆ ಗೊತ್ತಿಲ್ಲ. ನಮಗೆ ಬೇಕಾದದ್ದನ್ನು ನಾವು ಕೇಳಲೇ ಇಲ್ಲ ಎಂಬುದು ಮಾತ್ರ ಗೊತ್ತು. ಕೇಳಿದವಳು ಗಿರಿಜೆ ಒಬ್ಬಳೇ, ಮತ್ತು ಅವಳಿಗೆ ಸಲ್ಲಬೇಕಾದ ಮರ್ಯಾದೆಯನ್ನು ಇಷ್ಟು ಕಾಲ ಉಂಡವನು ನಾನು.

ಈಗ ಅರವತ್ತರ ದಶಕ ಅರ್ಧ ದಾಟಿದೆ. ನಡುವೆ ಕೆಲವು ವರ್ಷ ಇಲ್ಲದಿದ್ದ ಪರ್ಮಿಟ್ ಅಕ್ಕಿಗೆ ಮತ್ತೆ ಬಂದಿದೆ, ನೀನೂ ಮತ್ತೆ ನಿಲ್ಲುತ್ತೀಯೆಂದು ಹೇಳಿಕಳಿಸಿದ್ದೀ — ಮೊದಲ ವೀಳ್ಯ ನನಗೇ ಅಂತೆ. ಬರುತ್ತೇನೆ. ಈ ಸಲ ಓಟು ಯಾರಿಗೆಂದು ನನಗಿನ್ನೂ ತಿಳಿದಿಲ್ಲ. ತಿಳಿದ ದಿನ, ಏನೇ ಇರಲಿ, ನಿನ್ನೆದುರಿಗೇ ಹೇಳುತ್ತೇನೆ. ಆದರೆ ಹರಿವಾಣಕ್ಕೆ ಕೈ ಚಾಚುವುದಿಲ್ಲ. ಜೊತೆಗೆ ಗಿರಿಜೆಯೂ ಬರುತ್ತಾಳೆ. ಕುರ್ಚಿ ಅವಳಿಗೆ ಕೊಡು, ದೂಮಣ್ಣ. ಮೊದಲ ವೀಳ್ಯವನ್ನೂ ಅವಳಿಗೇ ಕೊಡು.