ಬೆನ್ನ ಹಿಂದಿನ ಎಡಗೈ

ನನ್ನ ಮೈದುನನ ಎಡಗೈ ಯಾವಾಗಲೂ ಬೆನ್ನ ಹಿಂದೆ ಇರುತ್ತಿತ್ತು. ಧೋತರದ ಕಚ್ಚೆಯ ಮೇಲೆ ಮುಷ್ಟಿ ಊರಿಕೊಂಡು, ಮುಂದಕ್ಕೆ ಬಾಗಿ, ಕರೆಂಟು ಹರಿಯುವ ಪೆಟ್ಟಿಗೆಯೊಳಗೆ ಬಲಗೈಯೊಂದನ್ನೇ ಹಾಕುತ್ತಿದ್ದ. ಎರಡೂ ಕೈ ಹಾಕಿದರೆ ಕರೆಂಟು ಒಂದು ಕೈಯಿಂದ ಹೊಕ್ಕು, ಎದೆ ಹಾಯ್ದು, ಇನ್ನೊಂದು ಕೈಯಿಂದ ಹೊರಗೆ ಹೋಗುತ್ತದೆ ಎಂದು ನನಗೆ ತಿಳಿಸಿ ಹೇಳಿದ್ದ. ಆ ರೂಢಿ ಎಷ್ಟು ಬಲಿತಿತ್ತೆಂದರೆ ಹಿರಿಯರ ಮುಂದೆ ನಿಂತಾಗಲೂ, ಬಚ್ಚಲು ಖಾಲಿಯಾಗಲೆಂದು ಕಾಯುವಾಗಲೂ ಎಡಗೈ ತಾನಾಗಿಯೇ ಹಿಂದೆ ಹೋಗುತ್ತಿತ್ತು.

ಒಮ್ಮೆ ಕನ್ಯೆಯ ಕಡೆಯವರು ಅವನನ್ನು ನೋಡಲು ನಮ್ಮ ಮನೆಗೆ ಬಂದಿದ್ದರು. ಹುಡುಗಿಯ ತಂದೆ ಮೆಲ್ಲಗೆ ನನ್ನನ್ನು ಬದಿಗೆ ಕರೆದು, "ತಂಗೀ, ಹುಡುಗನ ಎಡಗೈಗೆ ಏನರ ಐಬೈತೇನವಾ?" ಎಂದು ಕೇಳಿದರು.

"ಇಲ್ರಿ. ಆ ಕೈ ನಿಮ್ಮ ಮಗಳಿಗೆ ಅಂತ ಕಾದಿಟ್ಟಾನ್ರಿ" ಎಂದೆ.

ಅವರಿಗೆ ನನ್ನ ಮಾತು ಹಿಡಿಸಲಿಲ್ಲ. ಸಂಬಂಧ ಮುಂದೆ ಹೋಗಲಿಲ್ಲ. ನನ್ನ ಗಂಡ ನನ್ನ ಮೇಲೆ ಸಿಟ್ಟಾದರು. ಮೈದುನ ಮಾತ್ರ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

ಹುಬ್ಬಳ್ಳಿಯಲ್ಲಿ ನಮ್ಮದು ಅರಳೆ ವ್ಯಾಪಾರದ ಮನೆತನ. ಅಂಗಡಿಯನ್ನು ನನ್ನ ಗಂಡ ನೋಡಿಕೊಳ್ಳುತ್ತಿದ್ದರು. ಮೈದುನನಿಗೆ ಅರಳೆಯ ಧೂಳು ಆಗಿಬರುತ್ತಿರಲಿಲ್ಲ. ಅವನು ಒಂದು ಟಾಕೀಜಿನಲ್ಲಿ ಧ್ವನಿಯ ಯಂತ್ರ ನೋಡಿಕೊಳ್ಳುವ ಕೆಲಸ ಹಿಡಿದಿದ್ದ. "ಸಾವಕಾರರ ಮಗಾ ಸಿನೇಮಾ ಮನ್ಯಾಗ ತಂತಿ ಕಟಗೋತ ಕುಂತಾನ" ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ತಮ್ಮ ಮನೆಯ ರೇಡಿಯೋ ಗಂಟಲು ಕಟ್ಟಿದಾಗ ನಮ್ಮ ಕಟ್ಟೆ ಹತ್ತುತ್ತಿದ್ದರು. ಅವನು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವನು. ನಾನು ಅವನನ್ನು ತಮ್ಮಾ ಎನ್ನುತ್ತಿದ್ದೆ, ಅವನಿಗೆ ನಾನು ವೈನಿ.

ಮಹಾಯುದ್ಧ ನಡೆದಿದ್ದ ಆ ವರ್ಷಗಳಲ್ಲೇ ನಮ್ಮ ಅತ್ತೆಯವರ ಕಿವಿ ಮಂದವಾಗುತ್ತ ಬಂತು. ಮೊದಲು ಮಠದ ಪುರಾಣಕ್ಕೆ ಹೋಗುವುದನ್ನು ಬಿಟ್ಟರು. ಆಮೇಲೆ ಬಂದವರ ಜೊತೆ ಕೂಡುವುದನ್ನೂ ಬಿಟ್ಟರು. ಕೇಳಿಸಲೆಂದು ನಾವೆಲ್ಲ ಕೂಗಿ ಮಾತಾಡುತ್ತಿದ್ದೆವು. ಕೂಗುವಾಗ ಮನುಷ್ಯನ ಮುಖ ಹೇಗಾಗುತ್ತದೆ ಎಂಬುದನ್ನು ಕಿವಿ ಕೇಳದವರೇ ಬಲ್ಲರು. ಒಂದು ದಿನ ಊಟಕ್ಕೆ ಏಳಿರೆಂದು ನಾನು ಕೂಗಿದ್ದಕ್ಕೆ ಅವರು ಕಣ್ಣೀರು ಹಾಕಿದರು. "ಎಲ್ಲಾರೂ ನನ್ನ ಮ್ಯಾಲೆ ಸಿಟ್ಟಾಗೇ ಇರತೀರಿ. ನಾ ಏನ ತಪ್ಪ ಮಾಡೇನಿ, ಹೇಳ್ರಿ" ಎಂದರು.

ಮೈದುನ ಆಗ ತಟ್ಟೆಯ ಮುಂದೆ ಕೂತಿದ್ದ. ಉಣ್ಣದೆ ಎದ್ದು ಹೋದ. ಮರುದಿನದಿಂದ ಅವರಿಗಾಗಿ ಒಂದು ಪೆಟ್ಟಿಗೆ ಕಟ್ಟಲು ಶುರು ಮಾಡಿದ.

ಮಾತು ಹಿಡಿಯುವ ಮೈಕು, ಅದನ್ನು ದೊಡ್ಡದು ಮಾಡುವ ಗಾಜಿನ ವಾಲ್ವು, ಅತ್ತೆಯವರ ಕಿವಿಗೆ ಹೆಡ್‌ಫೋನು. ಇವಿಷ್ಟನ್ನು ಅವನು ಬೇಗ ಹೊಂದಿಸಿದ. ತೊಡಕಾದದ್ದು ಇವಕ್ಕೆಲ್ಲ ಕರೆಂಟು ಉಣಿಸುವ ಭಾಗ. ಬ್ಯಾಟರಿಯಾದರೆ ಸದ್ದಿಲ್ಲದೆ ನಡೆಯುತ್ತಿತ್ತು, ಆದರೆ ಯುದ್ಧದಿಂದಾಗಿ ಬ್ಯಾಟರಿ ಕಣ್ಣಿಗೆ ಬೀಳುವಂತಿರಲಿಲ್ಲ. ಮನೆಯ ಕರೆಂಟಿನಿಂದಲೇ ನಡೆಸಬೇಕಾಯಿತು. ಟಾಕೀಜಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದ. ಅದು ಇಷ್ಟು ಸಣ್ಣ ಪೆಟ್ಟಿಗೆಗೆ ಅತಿಯಾಗಿ ವಾಲ್ವು ಕೆಂಡದಂತಾಯಿತು. ಕೊನೆಗೆ ಬೇಕಾದಷ್ಟೇ ತಂತಿ ಸುತ್ತು ಹಾಕಿಸಿ ಹೊಸದೊಂದನ್ನು ಮಾಡಿಸಿ ತಂದ.

ಅದನ್ನು ಹಚ್ಚಿದ ದಿನ ಅತ್ತೆಯವರು ಹೆಡ್‌ಫೋನು ಹಾಕಿಕೊಂಡವರೇ ಕಿತ್ತಿಟ್ಟರು. "ಇದರಾಗ ದುಂಬಿ ಹೊಕ್ಕೈತೋ ಯಪ್ಪಾ" ಎಂದರು. ನಾನೂ ಕಿವಿಗೆ ಹಿಡಿದೆ. ಗುಂಯ್ ಎಂಬ ಸದ್ದಿನ ಹೊರತು ಏನೂ ಇರಲಿಲ್ಲ.

ಆ ದುಂಬಿಯನ್ನು ಓಡಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯಿಂದ ತೆಗೆದು ಗೋಡೆಯ ಇನ್ನೊಂದು ಗೂಡಿನಲ್ಲಿಟ್ಟ. ವಾಲ್ವಿಗೆ ಹೋಗುವ ಎರಡು ತಂತಿಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಸೆಯಬೇಕೆಂದು ನನ್ನ ಮುಂದೆ ತಂದಿಟ್ಟ. "ವೈನಿ, ದೇವರ ದೀಪಕ್ಕ ಬತ್ತಿ ಹೊಸೀತೀರಲ್ರಿ, ಹಂಗ ಒಂದ ಸಮ ಹೊಸದ ಕೊಡ್ರಿ. ನನ್ನ ಕೈಯಾಗ ಸಡಲ ಆಗತಾವ" ಎಂದ. ನಾನು ಹೊಸೆದುಕೊಟ್ಟೆ. ಸದ್ದು ಅರ್ಧ ತಗ್ಗಿತು.

ಉಳಿದರ್ಧಕ್ಕೆ ಇನ್ನೂ ದೊಡ್ಡ ಕಂಡೆನ್ಸರ್ ಬೇಕೆಂದ. ಹಾಗೆಂದರೇನು ಎಂದು ಕೇಳಿದೆ.

"ನಳದಾಗ ನೀರು ಬಿಟ್ಟ ಬಿಟ್ಟ ಬರತಾವ. ಅದಕ್ಕ ನೀವು ಹಂಡೇಕ ತುಂಬಿಸಿ ಇಡತೀರಿ, ಬೇಕಾದಾಗ ಒಂದ ಸಮ ತಗೋತೀರಿ. ಇದು ಕರೆಂಟಿನ ಹಂಡೆ. ಹಂಡೆ ದೊಡ್ಡದಾದಷ್ಟು ಗುಂಯ್ ಅನ್ನೋದು ಕಡಿಮಿ."

"ನಳ ಬಂದ್ ಮಾಡಿದ್ರ?"

"ಹಂಡ್ಯಾಗಿನ ನೀರು ಎಲ್ಲಿ ಹೋಗತಾವ್ರೀ? ಅಲ್ಲೇ ಇರತಾವ. ಅದಕ್ಕ ಈ ಕಡ್ಡಿ."

ತೇಗದ ಹಿಡಿಕೆ ಹಾಕಿದ ಗೇಣುದ್ದದ ಕಬ್ಬಿಣದ ಕಡ್ಡಿ ಅದು. ಹಿಂತುದಿಗೆ ಒಂದು ತಂತಿ ಇತ್ತು. ಸ್ವಿಚ್ಚು ಆರಿಸಿದ ಮೇಲೂ ಅವನು ಒಳಗೆ ಕೈ ಹಾಕುತ್ತಿರಲಿಲ್ಲ. ಆ ತಂತಿಯನ್ನು ಪೆಟ್ಟಿಗೆಯ ತಗಡಿಗೆ ಸಿಕ್ಕಿಸಿ, ಕಡ್ಡಿಯನ್ನು ಕಂಡೆನ್ಸರಿನ ತುದಿಗೆ ಮುಟ್ಟಿಸುತ್ತಿದ್ದ. ಚಟ್ ಎಂದು ನೀಲಿ ಕಿಡಿ ಹಾರುತ್ತಿತ್ತು. "ಈಗ ಖಾಲಿ ಆತು" ಎಂದ ಮೇಲೆಯೇ ಮುಂದಿನ ಕೆಲಸ.

ದೊಡ್ಡ ಕಂಡೆನ್ಸರ್ ಹಾಕಿದ ದಿನ ಅವನು ಮೈಕಿನ ಮುಂದೆ ಬಾಯಿ ಒಯ್ದು, ಪಿಸುಮಾತಿಗಿಂತ ಸ್ವಲ್ಪ ಮೇಲೆ, "ಅವ್ವಾ, ಉಂಡಿಯೇನು?" ಎಂದು ಕೇಳಿದ.

ಅತ್ತೆಯವರು ಅವನ ಮುಖವನ್ನೇ ನೋಡಿದರು. "ಎಷ್ಟ ದಿನಾ ಆತೋ ನೀ ಸಿಟ್ಟಿಲ್ಲದ ಮಾತಾಡಿ" ಎಂದರು. ಅವನು ತಾಯಿಯ ಮೇಲೆ ಸಿಟ್ಟಾದದ್ದನ್ನು ನಾನೊಂದು ದಿನವೂ ಕಂಡವಳಲ್ಲ. ನಾನು ಅಳು ತಡೆಯಲಾರದೆ ಒಳಗೆ ಹೋದೆ.

ಕೆಲವು ತಿಂಗಳು ನಮ್ಮ ಮನೆಯಲ್ಲಿ ಯಾರೂ ಕೂಗಲಿಲ್ಲ.

ಮಹಾನವಮಿ ಬಂತು. ಖಂಡೆ ಪೂಜೆಯನ್ನು ಅತ್ತೆಯವರು ಬಿಗಿಯಾಗಿ ನಡೆಸುವವರು. ಅಂಗಡಿಯ ತಕ್ಕಡಿ, ಅಡುಗೆಮನೆಯ ಈಳಿಗೆ, ಮನೆಮಂದಿ ದುಡಿಯುವ ಪ್ರತಿಯೊಂದು ಸಾಮಾನೂ ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು ದೇವರ ಮುಂದೆ ಕೂಡಬೇಕು. ಮರುದಿನ ಬನ್ನಿ ಹಂಚುವವರೆಗೆ ಅವನ್ನು ಕದಲಿಸುವಂತಿಲ್ಲ. ಪ್ರತಿವರ್ಷ ಮೈದುನ ತನ್ನ ಇಕ್ಕಳ, ತಿರುಪುಳಿ, ಬೆಸುಗೆ ಸಲಾಕೆಗಳನ್ನು ತಾನೇ ತಂದುಕೊಡುತ್ತಿದ್ದ. ಆ ವರ್ಷ ಅತ್ತೆಯವರು ತಾವೇ ಹೋಗಿ ಗೂಡಿನಲ್ಲಿದ್ದ ಕಡ್ಡಿಯನ್ನೂ ತಂದರು. ತಮಗೆ ಕಿವಿ ಕೊಟ್ಟ ಪೆಟ್ಟಿಗೆಯ ಸಾಮಾನು ಎಂದು ಅದನ್ನು ಎಲ್ಲಕ್ಕಿಂತ ಮುಂದೆ ಇಟ್ಟು, ಮೂರು ಬೆರಳಿನ ವಿಭೂತಿ ಎಳೆದು, ಸೇವಂತಿಗೆ ಮುಡಿಸಿದರು.

ಅವತ್ತು ಉಪ್ಪಿನಬೆಟಗೇರಿಯಿಂದ ನನ್ನ ನಾದಿನಿ ಹಬ್ಬಕ್ಕೆ ಬಂದಿದ್ದಳು. ತಾಯಿಯ ಎದುರು ಕೂತು ಮಾತಿಗೆ ಶುರು ಮಾಡಿದಳು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಕರಕರ ಸದ್ದಾಗಿ ಎಲ್ಲವೂ ನಿಂತುಹೋಯಿತು. ಮೈದುನ ಬಂದು ಸ್ವಿಚ್ಚು ಆರಿಸಿ ಒಳಗೆ ಇಣುಕಿದ. ಕಂಡೆನ್ಸರಿನ ತುದಿಯಿಂದ ತಂತಿಯೊಂದು ಕಳಚಿತ್ತು. ಅವನ ಬಲಗೈ ರೂಢಿಯಂತೆ ಗೂಡಿನತ್ತ ಹೋಯಿತು. ಕಡ್ಡಿ ಅಲ್ಲಿರಲಿಲ್ಲ.

"ತಂದ ಕೊಡ್ಲೇನು, ತಮ್ಮಾ?" ಎಂದೆ.

ಅವನು ದೇವರ ಮನೆಯ ಕಡೆ ನೋಡಿದ. "ಬ್ಯಾಡ್ರಿ ವೈನಿ. ಅವ್ವ ಅಷ್ಟು ಆಸೇದಿಂದ ಹೂ ಮುಡಿಸ್ಯಾಳ. ಹೋಳಿಗಿ ಉಂಡು ಏಳೂದ್ರಾಗ ಒಳಗಿನ ಕರೆಂಟು ತಾನ ಇಳದಿರತೈತಿ."

ಉಂಡೆವು. ಊಟದುದ್ದಕ್ಕೂ ಅಕ್ಕನನ್ನು ರೇಗಿಸಿದ. ಎದ್ದು ಕೈತೊಳೆದು ಪೆಟ್ಟಿಗೆಯ ಮುಂದೆ ಕೂತ. ಸರಿಯಾದೊಡನೆ ಕೇಳಬೇಕೆಂದು ಅತ್ತೆಯವರು ಹೆಡ್‌ಫೋನು ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ಇಕ್ಕಳವೂ ಪೂಜೆಗೆ ಹೋಗಿತ್ತಲ್ಲ, ತಂತಿಯನ್ನು ಬೆರಳಿನಿಂದಲೇ ಸುತ್ತಬೇಕಿತ್ತು. ಒಂದು ಕೈಯಲ್ಲಿ ಅದು ಆಗುವ ಕೆಲಸವಲ್ಲ. ಬೆನ್ನ ಹಿಂದಿನಿಂದ ಎಡಗೈಯನ್ನು ಮುಂದೆ ತಂದು ತಂತಿ ಹಿಡಿದ, ಬಲಗೈಯನ್ನು ಕಂಡೆನ್ಸರಿನ ತುದಿಗೆ ಒಯ್ದ.

ಕೂಗಲಿಲ್ಲ. ಒಮ್ಮೆ ಸೆಟೆದು, ಪೆಟ್ಟಿಗೆಯ ಪಕ್ಕಕ್ಕೆ ತಲೆ ಒರಗಿಸಿದ. ನಾನು ಎಂಜಲು ಎಲೆ ಬಿಟ್ಟು ಓಡಿದೆ. ಅತ್ತೆಯವರಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, "ಇನ್ನೂ ಏನೂ ಕೇಳವಲ್ದಪಾ" ಎಂದರು.

ಡಾಕ್ಟರು ಬಂದು ನೋಡಿ ಹೋದರು. ಅವರು ಮಾಡುವುದು ಏನೂ ಉಳಿದಿರಲಿಲ್ಲ. ಟಾಕೀಜಿನ ಅವನ ಜೊತೆಗಾರ ಪೆಟ್ಟಿಗೆಯನ್ನು ಬಿಚ್ಚಿ ನೋಡಿ ಹೇಳಿದ್ದನ್ನು ನಾನು ಮರೆತಿಲ್ಲ. ಎಂದಿನಂತೆ ತಂತಿ ಗಟ್ಟಿಯಾಗಿದ್ದರೆ ಕಂಡೆನ್ಸರಿನ ಕರೆಂಟು ವಾಲ್ವಿನೊಳಗೆ ಹರಿದು ನಿಜಕ್ಕೂ ತಾನೇ ಇಳಿಯುತ್ತಿತ್ತಂತೆ. ಅವತ್ತು ಕಳಚಿದ್ದು ಆ ದಾರಿಯೇ. "ಆ ಕಡ್ಡಿ ಒಮ್ಮೆ ಮುಟ್ಟಿಸಿದ್ರ ಉಳೀತಿದ್ದ" ಎಂದು ಅವನು ಗೋಡೆಗೆ ಹಣೆಯಿಟ್ಟು ಅತ್ತ. ಮರುದಿನ ಊರೆಲ್ಲ ಬನ್ನಿ ಹಿಡಿದು ಬಂಗಾರದಂಗ ಇರೂಣು ಎನ್ನುತ್ತ ತಿರುಗಿತು. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.

ಕಡ್ಡಿಯ ಮಾತು ಅತ್ತೆಯವರಿಗೆ ಗೊತ್ತಾಗಬಾರದೆಂದು ನನ್ನ ಗಂಡ ನಮಗೆಲ್ಲ ಹೇಳಿದರು. ಹೇಳಬೇಕಾಗಿಯೇ ಇರಲಿಲ್ಲ. ಪೆಟ್ಟಿಗೆ ಅಟ್ಟ ಸೇರಿತ್ತು, ಅತ್ತೆಯವರಿಗೆ ಏನು ತಿಳಿಸಬೇಕಾದರೂ ಮತ್ತೆ ಕೂಗಬೇಕಿತ್ತು. ಆ ಮಾತನ್ನು ಕೂಗಿ ಹೇಳುವ ಕಲ್ಲೆದೆ ಯಾರಿಗಿತ್ತು?

ನನಗೆ ಮಾತ್ರ ಉಳಿದ ಮಾತುಗಳನ್ನೂ ಕೂಗಲು ಆಗಲಿಲ್ಲ. ಅತ್ತೆಯವರ ಪಕ್ಕ ಕೂತು, ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಹೋಗಿ, ಅವನು ಮೈಕಿನಲ್ಲಿ ಆಡುತ್ತಿದ್ದ ಹಾಗೆ ನಿಧಾನವಾಗಿ ಆಡತೊಡಗಿದೆ. ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಆದರೆ ನಾನು ಸಿಟ್ಟಾಗಿಲ್ಲ ಎಂಬುದಂತೂ ಅವರಿಗೆ ತಿಳಿಯುತ್ತಿತ್ತು. ಮನುಷ್ಯರ ಜೊತೆ ಮಾತಾಡುವುದನ್ನು ನನಗೆ ಕಲಿಸಿದವನು ಅವನು. ಆ ಋಣ ತೀರಿಸೋಣವೆಂದರೆ ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ.

ವರ್ಷದ ಸೂತಕ ಕಳೆದು ಮತ್ತೆ ಖಂಡೆ ಪೂಜೆ ಬಂದಾಗ ಅತ್ತೆಯವರು ಆ ಕಡ್ಡಿಯನ್ನೇ ಹುಡುಕಿ ತಂದು ಎಲ್ಲಕ್ಕಿಂತ ಮುಂದೆ ಇಟ್ಟರು. ಮಗನ ನೆನಪಿಗೆಂದು ಪ್ರತಿವರ್ಷವೂ ಇಟ್ಟರು. ಅವರು ಅದಕ್ಕೆ ಹೂ ಮುಡಿಸುವಾಗ ನಾನು ಒಲೆಯ ಮುಂದೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ನನ್ನ ಗಂಡ ಎದ್ದು ಕಟ್ಟೆಗೆ ಹೋಗಿ ಕೂಡುತ್ತಿದ್ದರು.

ಅತ್ತೆಯವರು ಹಾಸಿಗೆ ಹಿಡಿದ ವರ್ಷ ಪೂಜೆಯ ಸಾಮಾನು ನಾನೇ ಜೋಡಿಸಿದೆ. ಅವರ ರೂಢಿಯಂತೆ ಕಡ್ಡಿಗೆ ವಿಭೂತಿ ಹಚ್ಚಿ ಮುಂದೆ ಇಟ್ಟೆ. ಮಲಗಿದ್ದಲ್ಲಿಂದಲೇ ನೋಡುತ್ತಿದ್ದ ಅತ್ತೆಯವರು ನನ್ನನ್ನು ಕೈಮಾಡಿ ಕರೆದರು.

"ಅದನ್ನ ಅಲ್ಲಿಂದ ತಗಿ" ಎಂದರು. "ಹೊರಗ ಇಡು. ಯಾರಿಗರ ಬೇಕಾದೀತು."

ಯಾವಾಗ ತಿಳಿಯಿತು, ಯಾರು ಹೇಳಿದರು ಎಂದು ಕೇಳಲು ಅವರ ಕಿವಿಯ ಬಳಿ ಬಾಯಿ ಒಯ್ದೆ. ಅಷ್ಟರಲ್ಲೇ ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಬನ್ನಿಯ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ತೀರಿಕೊಂಡರು.

ಈಗಲೂ ನಮ್ಮ ಮನೆಯಲ್ಲಿ ಖಂಡೆ ಪೂಜೆಯ ದಿನ ಎಲ್ಲ ಸಾಮಾನುಗಳೂ ದೇವರ ಮುಂದೆ ಹೋಗುತ್ತವೆ. ಆ ಕಡ್ಡಿಯೊಂದು ಮಾತ್ರ ಕೈಗೆ ಎಟಕುವ ಹಾಗೆ ಗೂಡಿನಲ್ಲೇ ಇರುತ್ತದೆ.