ಮಾವನ ಮೆತ್ತಗಿನ ಊಟ

ಆಳಂದದ ನನ್ನ ತವರಿನಲ್ಲಿ ಆ ಪಾತ್ರೆ ಬಹಳ ದಿನ ಅಟ್ಟದ ಮೇಲೆ ಬಿದ್ದಿತ್ತು. ಅಣ್ಣ ಮೊಬೈಲಿನಲ್ಲಿ ನೋಡಿ ತರಿಸಿದ್ದ ಸ್ಲೋ ಕುಕ್ಕರ್. ಒಳಗೆ ಚೀನೀ ಮಣ್ಣಿನ ದಪ್ಪ ಮಡಿಕೆ, ಮೇಲೆ ಗಾಜಿನ ಮುಚ್ಚಳ, ಕೆಳಗೆ ಕರೆಂಟಿನ ತಳ. ಅದರಲ್ಲಿ ಬೇಳೆ ಬೇಯಲು ಅರ್ಧ ದಿನ ಬೇಕೆಂದು ಗೊತ್ತಾದ ದಿನವೇ ಅಣ್ಣನ ಹೆಂಡತಿ, ನಮ್ಮ ವೈನಿ, "ಇದಕಿಂತ ಬಿಸಲಾಗ ಇಟ್ರ ಲಗೂ ಕುದೀತದ" ಎಂದು ನಕ್ಕು ಮೇಲೆ ಹಾಕಿಬಿಟ್ಟಿದ್ದರು. ಮಾವನಿಗೆ ಲಕ್ವಾ ಹೊಡೆದ ವರ್ಷ ನಾನು ಅದನ್ನು ಕೇಳಿ ಇಸಕೊಂಡು ಅಫಜಲಪುರಕ್ಕೆ ತಂದೆ.

ಮಾವನ ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ತೊದಲು, ಅಗಿಯುವುದು ಆಗದು, ನುಂಗುವುದೂ ಕಷ್ಟ. ಕಲಬುರಗಿಯ ಡಾಕ್ಟರು, "ಮೆತ್ತಗಿನ ಊಟ ಕೊಡ್ರಿ, ಒಣಾ ಒಣಾ ಏನೂ ಬ್ಯಾಡ" ಎಂದು ಹೇಳಿ ಕಳಿಸಿದ್ದರು. ನಾನು ಅತನೂರಿನ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೇ. ಗಂಡ ಕಾಳುಕಡಿಯ ಅಡತಿ ಅಂಗಡಿಯಲ್ಲಿ. ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ಮಾವ, ಇಬ್ಬರೇ. ಅತ್ತೆಗೆ ಮೊಣಕಾಲು ನೋವು, ಒಲೆಯ ಮುಂದೆ ನಿಂತು ಎರಡೆರಡು ನಮೂನೆ ಅಡುಗೆ ಮಾಡಲಾಗದು. ಅದಕ್ಕೇ ಈ ಪಾತ್ರೆ.

ಮೊದಲು ಕೈಗೆ ಹತ್ತಿದ್ದು ಜೋಳದ ನುಚ್ಚು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಧಾರಾಳ ನೀರು ಹೊಯ್ದು, ಉಪ್ಪು ಹಾಕಿ, ಗುಂಡಿ ತಿರುವಿ ಬಸ್ಸಿಗೆ ಓಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ತಳ ಹತ್ತದೆ, ಉಕ್ಕದೆ, ಬೆಣ್ಣೆಯ ಹಾಗೆ ಆಗಿರುತ್ತಿತ್ತು. ಮಜ್ಜಿಗೆ ಕಲೆಸಿದರೆ ಹಲ್ಲಿಲ್ಲದ ಕೂಸಿಗೂ ಇಳಿಯುವಂಥದ್ದು. ಆಮೇಲೆ ಪುಂಡಿಪಲ್ಲೆಯ ಹುಳಿ ಸೊಪ್ಪು ಹಾಕಿದ ತೊಗರಿಬೇಳೆ, ಮಡಕಿ ಕಾಳು, ಕುಂಬಳಕಾಯಿ. ಕರೆಂಟು ಹೋದರೂ ಆ ಮಣ್ಣಿನ ಮಡಿಕೆ ಬಿಸಿ ಹಿಡಿದಿರುತ್ತಿತ್ತು. ಬಳ್ಳೊಳ್ಳಿ ಒಗ್ಗರಣೆ ಬೆಳಿಗ್ಗೆಯೇ ಮಾಡಿ ಬಟ್ಟಲಲ್ಲಿ ಮುಚ್ಚಿಟ್ಟು, "ಅತ್ತೀ, ಮ್ಯಾಲ ಹಾಕಿ ಉಣಿಸ್ರಿ" ಎಂದು ಹೇಳಿ ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ಮಡಿಕೆ ಖಾಲಿ. ತೊಳೆದು ಬೋರಲು ಹಾಕಿ, ರಾತ್ರಿಯದೂ ಉಣಿಸಿಯಾಯಿತು ಎನ್ನುತ್ತಿದ್ದರು. ನನಗೆ ಸಮಾಧಾನವಾಗುತ್ತಿತ್ತು.

ಆದರೆ ಮಾವ ಸೊರಗುತ್ತ ಹೋದರು. ಕೊರಳಿನ ಲಿಂಗದ ಕರಡಿಗೆ ಎದೆಯ ಎಲುಬಿಗೆ ಬಡಿಯತೊಡಗಿತು. ಬಾಯಿ ಒರೆಸುವ ಟವೆಲ್ಲಿನಲ್ಲಿ ಒಮ್ಮೊಮ್ಮೆ ರಕ್ತದ ಕಲೆ. ಒಸಡು ಸೋರುತ್ತಿರಬೇಕು ಎಂದುಕೊಂಡೆ. ಬೇಳೆ ಇನ್ನೂ ಮೆತ್ತಗಾಗಲಿ ಎಂದು ಹಿಂದಿನ ದಿನವೇ ನೆನೆಹಾಕತೊಡಗಿದೆ. ನೀರು ಹೆಚ್ಚಿಸಿದೆ, ತುಪ್ಪ ಹೆಚ್ಚಿಸಿದೆ. ಓಣಿಯ ಹೆಂಗಸರು, "ನಿಮ್ಮತ್ತಿ ಹೊತ್ತ ಹೊತ್ತಿಗೆ ಗಂಡನ ಮುಂದ ಕುಂತು ಉಣಿಸ್ತಾಳ, ಇಂಥ ಸೇವಾ ಯಾರ್ ಮಾಡ್ತಾರ" ಎನ್ನುತ್ತಿದ್ದರು. ಶನಿವಾರ, ರವಿವಾರ ನಾನೇ ಕಣ್ಣಾರೆ ನೋಡುತ್ತಿದ್ದೆ. ಅತ್ತೆ ಆರಿಸಿ, ಚಮಚದಿಂದ ನಿಧಾನಕ್ಕೆ ಉಣಿಸಿ, ಸೆರಗಿನಿಂದ ಬಾಯಿ ಒರೆಸುತ್ತಿದ್ದರು.

ಒಂದು ಬುಧವಾರ ಅಫಜಲಪುರದಲ್ಲೇ ಶಿಕ್ಷಕರ ತರಬೇತಿ ಇತ್ತು. ಊಟಕ್ಕೆ ಬಿಟ್ಟಾಗ, ಮನೆ ಹತ್ತಿರವೇ ಇದೆಯಲ್ಲ ಎಂದು ನಡೆದು ಬಂದೆ. ಬಾಗಿಲು ಮುಚ್ಚಿತ್ತು, ಅಗಳಿ ಹಾಕಿರಲಿಲ್ಲ. ಒಳಗೆ ಅತ್ತೆಯ ಮಾತು ಕೇಳಿಸುತ್ತಿತ್ತು.

"ಉಪ್ಪು ಸಮ ಅದರಿ. ಪುಂಡಿಪಲ್ಲೆ ಹುಳಿ ಹಿಡಿದದ. ನೀವು ನೋಡಬೇಕಾಗಿತ್ತು."

ಮಾವ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಮುಂದೆ ಸ್ಟೂಲಿನ ಮೇಲೆ ಅತ್ತೆ, ತೊಡೆಯ ಮೇಲೆ ತಾಟು. ನುಚ್ಚಿನಿಂದ ಇನ್ನೂ ಹಬೆ ಏಳುತ್ತಿತ್ತು. ಮಾವನ ಮಡಿಲಲ್ಲಿ ಮಾತ್ರ ಟವೆಲ್ಲು ಹಾಸಿ, ಮೊನ್ನೆಯ ಖಡಕ್ ರೊಟ್ಟಿಯನ್ನು ಮುರಿದು ಹಾಕಿತ್ತು. ಪಕ್ಕದಲ್ಲಿ ಒಂದು ಲೋಟ ತಣ್ಣೀರು. ಅತ್ತೆ ಒಂದು ತುತ್ತು ಕಲೆಸಿ ಅವರ ತುಟಿಯ ತನಕ ಒಯ್ದರು. ಮಾವ ಬಾಯಿ ತೆರೆದರು. ಅತ್ತೆ ಕೈ ತಿರುಗಿಸಿ ಅದನ್ನು ತಮ್ಮ ಬಾಯಿಗೆ ಇಟ್ಟುಕೊಂಡರು.

"ಯಾಕ್ರಿ, ಸಿಟ್ಟ ಬಂತೇನು? ಒಗೀರಿ ಮತ್ತ. ಎಡಗೈ ಛಲೋ ಅದ ಅಲ್ಲ?" ಎಂದು ತಾಟನ್ನು ಅವರ ಎಡಗೈಯ ಬೆರಳಿಗೆ ತಾಗಿಸಿದರು. "ಹಿಡೀರಿ. ಒಗೀರಿ."

ಮಾವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವರು ನನ್ನನ್ನು ನೋಡಿದರು. ಅವರ ಕಣ್ಣು ಹೋದ ಕಡೆಗೆ ಅತ್ತೆಯೂ ತಿರುಗಿದರು. ಬೆಚ್ಚಲಿಲ್ಲ.

"ಬಂದೀ? ಕೈ ತೊಳಕೊ, ಬಡಸ್ತೇನಿ."

"ಅತ್ತೀ, ಏನ್ ಮಾಡಾಕತ್ತೀರಿ ಇದು?"

"ಉಣ್ಣಾಕತ್ತೇನಿ."

"ಅದು ಮಾವಾರ ಊಟರಿ!"

"ಇಷ್ಟು ವರ್ಷ ಅವರು ಉಂಡು ಬಿಟ್ಟಿದ್ದು ನಾ ಉಂಡೀನಿ. ಈಗ ನಾ ಉಂಡು ಬಿಟ್ಟಿದ್ದು ಅವರು ಉಣ್ಣಲಿ" ಎಂದು ಮತ್ತೊಂದು ತುತ್ತು ಕಲೆಸಿದರು.

ನಾನು ತಾಟು ಕಸಿದುಕೊಂಡೆ. ಅವರು ಬಿಟ್ಟುಕೊಟ್ಟರು. ಉಳಿದಿದ್ದ ನುಚ್ಚನ್ನು ಮಾವನಿಗೆ ಉಣಿಸಿದೆ. ಹಸಿದ ನಾಯಿಯ ಹಾಗೆ ನುಂಗಿದರು. ಬಾಯಿ ತೆರೆದಾಗ ನೋಡಿದೆ. ಒಣ ರೊಟ್ಟಿಯ ಅಂಚು ಬಡಿದು ಬಡಿದು ಒಸಡೆಲ್ಲ ಹರಿದಿತ್ತು. ಅವತ್ತು ತರಬೇತಿಗೆ ತಿರುಗಿ ಹೋಗಲಿಲ್ಲ.

ಸಂಜೆ ಗಂಡ ಅಂಗಡಿಯಿಂದ ಬಂದು ಬಚ್ಚಲಿನಲ್ಲಿ ಮುಖ ತೊಳೆಯುತ್ತಿದ್ದಾಗ ಹೇಳಿದೆ. ಅವರು ಟವೆಲ್ಲು ಮುಖದಿಂದ ತೆಗೆಯದೆ, "ಗೊತ್ತದ" ಎಂದರು.

"ಯಾವಾಗಿಂದ ಗೊತ್ತದ?"

"ಮೊದಲಿಂದ." ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೇಳಿದರು: "ಸಾರು ಬಿಸಿ ಇಲ್ಲ ಅಂತ ಅಪ್ಪ ತಾಟು ಒಗೀತಿದ್ದ. ಅಷ್ಟ ಆಗಿದ್ರ ಬ್ಯಾರೆ ಮಾತು. ಬಿದ್ದ ಅನ್ನ ಆರಿಸಿ ಉಣ್ಣು ಅಂತ ಅವ್ವನ ತಲಿ ಮ್ಯಾಲ ನಿಂತು ನೋಡ್ತಿದ್ದ. ಅಕಿ ನೆಲದಾಗಿಂದ ಒಂದೊಂದ ಅಗಳು ಆರಿಸಿ ಉಣ್ಣತಿದ್ದಳು. ನಾನು, ತಂಗಿ ಬಾಜೂ ಕುಂತು ಉಣ್ಣಬೇಕು. ಅಳಬಾರದು."

ಮಾವ ತಾಟು ಎಸೆಯುವುದನ್ನು ನಾನೂ ನೋಡಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ, ಬದನೆಕಾಯಿ ಪಲ್ಯದಲ್ಲಿ ಉಪ್ಪು ಹೆಚ್ಚಾಯಿತೆಂದು ಬೀಸಿದ್ದರು. ಅತ್ತೆಯ ಹುಬ್ಬಿನ ಮೇಲಿನ ಗಾಯದ ಗುರುತು ಹಿತ್ತಾಳೆಯ ಲೋಟದ್ದು ಎಂದೂ ಗೊತ್ತಿತ್ತು. ಆರಿಸಿ ಉಣ್ಣಿಸಿದ ಸಂಗತಿ ಮಾತ್ರ ಅವತ್ತೇ ಕೇಳಿದ್ದು.

"ಹಂಗಂತ ಇದು ಸಮಾ ಏನ್ರಿ?" ಎಂದೆ.

"ಸಮಾ ಅಂತ ಅಂದೆ ಏನು ನಾ? ಅವಾಗ ಅಪ್ಪನ ಕೈ ಹಿಡೀಲಿಲ್ಲ. ಈಗ ಅವ್ವನ ಕೈ ಯಾವ ಮಾರಿ ಹೊತ್ತು ಹಿಡೀಲಿ?" ಎಂದು ಚಹಾ ಕೇಳಿದರು.

ಜೇವರ್ಗಿಗೆ ಕೊಟ್ಟ ನಾದಿನಿಗೆ ಫೋನ್ ಮಾಡಿದೆ. ಮಗಳೆಂದರೆ ಮಾವನಿಗೆ ಜೀವ ಎಂದುಕೊಂಡಿದ್ದೆ, ಅವಳಾದರೂ ತಾಯಿಗೆ ಬುದ್ಧಿ ಹೇಳಿಯಾಳು ಎಂಬ ಆಸೆ. ರವಿವಾರ ಬಂದಳು. ಬಂದವಳೇ ಅಪ್ಪನ ಕಾಲು ಮುಟ್ಟಿ, ಹಾಸಿಗೆ ಸರಿಮಾಡಿ, "ಅಪ್ಪಾ, ಹಸಿವಿ ಆಗೇದೇನು?" ಎಂದು ಕೇಳಿದಳು. ಮಾವ ತಲೆಯಾಡಿಸಿದರು. ಅವತ್ತು ನಾನು ಪಾತ್ರೆಯಲ್ಲಿ ಗೋಧಿ ಹುಗ್ಗಿ ಮಾಡಿದ್ದೆ. ನಾದಿನಿ ಅಡುಗೆಮನೆಗೆ ಹೋಗಿ, ಹುಗ್ಗಿ ಬಡಿಸಿಕೊಂಡು, ತುಪ್ಪ ಸುರಿದು ತಂದಳು. ನಾನು ಚಮಚ ಹುಡುಕಿ ಕೊಡಲು ಹೋದೆ. ಬರುವಷ್ಟರಲ್ಲಿ ಅವಳು ತಾಯಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕುಳಿತಿದ್ದಳು. ತಾಯಿ ಮಗಳು ಒಂದೇ ತಾಟಿನಲ್ಲಿ, ಮಾವನ ಮುಖ ನೋಡುತ್ತ, ಉಣ್ಣುತ್ತಿದ್ದರು.

"ವೈನಿ, ಹುಗ್ಗಿ ಭಾಳ ಛಲೋ ಆಗೇದ್ರಿ. ಗೋಧಿ ಇಷ್ಟು ಮೆತ್ತಗ ಹೆಂಗಾತು?"

ನಾನು ಚಮಚ ಹಿಡಿದು ನಿಂತಿದ್ದೆ. ಕೇಳಿದ್ದಕ್ಕೇ ಉತ್ತರ ಕೊಟ್ಟೆ. "ಬೆಲ್ಲ ಮೊದಲ ಹಾಕಬಾರದು. ಮೊದಲ ಹಾಕಿದ್ರ ಗೋಧಿ ಬಿರುಸ ಉಳೀತದ. ಪೂರಾ ಕುದ್ದ ಮ್ಯಾಲ ಹಾಕಬೇಕು."

"ಹೌದೇನ್ರಿ?" ಎಂದಳು. ಬೆರಳು ನೆಕ್ಕಿ, ಅಪ್ಪನನ್ನು ನೋಡಿ ಕೇಳಿದಳು: "ಅಪ್ಪಾ, ನಾ ಬಾಣಂತಿ ಇದ್ದಾಗ ಅವ್ವ ನಂಗಂತ ಮಾಡಿದ್ದ ಹುಗ್ಗಿ ಬಚ್ಚಲಕ್ಕ ಚೆಲ್ಲಿದ್ದಿ, ನೆನಪದ ಏನು? ಹೆಣ್ಣ ಹಡದಕಿಗಿ ಹುಗ್ಗಿ ಯಾತಕ್ಕ ಅಂದಿದ್ದಿ."

ಮಾವ ಕಣ್ಣು ಮುಚ್ಚಿಕೊಂಡರು. ಆಮೇಲೆ ನಾನು ಅವರಿಗೆ ಬೇರೆ ಬಟ್ಟಲಲ್ಲಿ ಹುಗ್ಗಿ ಉಣಿಸುವಾಗ ಇಬ್ಬರೂ ತಡೆಯಲಿಲ್ಲ. ನೋಡುತ್ತ ಕುಳಿತಿದ್ದರು.

ಅವತ್ತಿನಿಂದ ಬೆಳಿಗ್ಗೆ ಬಸ್ಸಿಗೆ ಮೊದಲು ಮತ್ತು ಸಂಜೆ ಬಂದ ಮೇಲೆ ನಾನೇ ಉಣಿಸತೊಡಗಿದೆ. ಬೆಳಿಗ್ಗೆಗೆ ಬೇಕಾದ್ದನ್ನು ರಾತ್ರಿಯೇ ಪಾತ್ರೆಗೆ ಹಾಕಿಡುತ್ತಿದ್ದೆ. ಉಳಿದದ್ದು ಮಧ್ಯಾಹ್ನದ ಹೊತ್ತು. ಪಕ್ಕದ ಮನೆಯ ಚಾಚಿಯನ್ನು, ಮಧ್ಯಾಹ್ನ ಒಂದಿಷ್ಟು ಬಂದು ಕುಳಿತುಕೊಳ್ಳಿರಿ ಎಂದು ಕೇಳಿಕೊಂಡೆ. ಚಾಚಿ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿದರು.

"ಬೇಟಿ, ಆ ತಾಟಿನ ಸಪ್ಪಳ ಗ್ವಾಡಿ ದಾಟಿ ನಮ್ಮ ಮನೀಗಿ ಬರ್ತಿತ್ತು. ಅವಾಗ ಒಂದ ಸಲ ಆದ್ರೂ ನಾ ಬರಲಿಲ್ಲ. ಈಗ ಯಾವ ಬಾಯಲೇ ಬರ್ಲಿ?"

ನನ್ನ ಕೈಯಲ್ಲಾದರೂ ಮಾವ ಸುಲಭಕ್ಕೆ ಉಣ್ಣಲಿಲ್ಲ. ಹೊಟ್ಟೆಗೆ ಬಿದ್ದಂತೆ ಸ್ವಲ್ಪ ಚೇತರಿಸಿಕೊಂಡರು. ಎಡಗೈಗೆ ಕಸುವು ಬಂತು, ತೊದಲು ಮಾತು ಸ್ವಲ್ಪ ತಿಳಿಯತೊಡಗಿತು. ಒಂದು ಸಂಜೆ ಬಿಸಿ ನುಚ್ಚಿಗೆ ಬೇಳೆ ಕಲೆಸಿ ಮೊದಲ ಚಮಚ ಇಟ್ಟೆ. ನಾಲಿಗೆಯ ಮೇಲೆ ಆಡಿಸಿ, "ಸಪ್ಪ" ಎಂದರು. ಡಾಕ್ಟರು ಖಾರ, ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ ಎಂದೆ. "ಸಪ್ಪ" ಎಂದು ಮತ್ತೊಮ್ಮೆ ಅಂದವರೇ ಎಡಗೈ ಬೀಸಿದರು. ಬಟ್ಟಲು ನನ್ನ ಮುಂಗೈ ಮೇಲೆ ಬೋರಲಾಯಿತು. ಆ ಪಾತ್ರೆಯ ನುಚ್ಚು ಅಂಟಿದರೆ ಬಿಡುವುದಿಲ್ಲ, ಬಿಸಿ ಒಳಗೇ ಇರುತ್ತದೆ. ಚೀರಿಕೊಂಡೆ. ನಾನು ಚೀರಿದಾಗ ಮಾವನ ಮುಖದ ಆಡುವ ಅರ್ಧಭಾಗದಲ್ಲಿ ಕಂಡದ್ದು ಗಾಬರಿಯಲ್ಲ. ತೃಪ್ತಿ.

ಅತ್ತೆ ಎದ್ದು ಬಂದರು. ನನ್ನ ಕೈಯನ್ನು ಬಚ್ಚಲಿಗೆ ಎಳೆದೊಯ್ದು ತಣ್ಣೀರು ಸುರಿದರು. ಮೆಲ್ಲಗೆ, ಚರ್ಮ ಎದ್ದು ಬರದಂತೆ, ಅಂಟಿದ ನುಚ್ಚನ್ನು ತೆಗೆದರು. ಅಷ್ಟು ಮಮತೆಯಿಂದ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ನಿನಗಿನ್ನ ಹೊಸಾದು" ಎಂದರು.

ಉಣಿಸುವುದನ್ನು ನಾನು ಬಿಡಲಿಲ್ಲ. ಆದರೆ ಅವತ್ತಿನಿಂದ ಅವರ ಎಡಗೈಯನ್ನು ಚಾದರದೊಳಗೆ ಬಿಗಿಯಾಗಿ ಸಿಗಿಸಿ, ಅದರ ಮೇಲೆ ನನ್ನ ಮೊಣಕಾಲು ಊರಿ, ಆರಿದ ಊಟವನ್ನು ಬೇಗ ಬೇಗ ಬಾಯಿಗೆ ಹಾಕುತ್ತಿದ್ದೆ. ಬಸ್ಸಿನ ಹೊತ್ತಾಗುತ್ತಿತ್ತು. ಮಾತಾಡುತ್ತಿರಲಿಲ್ಲ. ಅವರು ನುಂಗಿದರೋ ಇಲ್ಲವೋ ಎಂದು ಗಂಟಲು ನೋಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಮಧ್ಯಾಹ್ನ ಏನು ನಡೆಯುತ್ತದೆ ಎಂದು ಕೇಳುವುದನ್ನೂ ಬಿಟ್ಟೆ.

ಚಳಿಗಾಲ ಮುಗಿಯುವ ಹೊತ್ತಿಗೆ ಜ್ವರ, ಉಬ್ಬಸ ಬಂತು. ಕಲಬುರಗಿಗೆ ಒಯ್ದೆವು. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, "ಉಣ್ಣುವಾಗ ಊಟ ಶ್ವಾಸಕೋಶಕ್ಕೆ ಹೋಗಿದೆ, ಅಲ್ಲೇ ಕೀವು ಆಗಿದೆ" ಎಂದರು. ಗಂಡ ನನ್ನ ಕಡೆ ನೋಡಿದರು, ಆಮೇಲೆ ತಾಯಿಯ ಕಡೆ ನೋಡಿದರು. ಯಾವ ಊಟ, ನಾನು ಬೆಳಿಗ್ಗೆ ಅವಸರದಲ್ಲಿ ತುರುಕಿದ್ದೋ, ಮಧ್ಯಾಹ್ನದ ಒಣ ರೊಟ್ಟಿಯೋ, ಯಾರೂ ಕೇಳಲಿಲ್ಲ. ಒಂದು ವಾರದೊಳಗೆ ಮಾವ ಹೋದರು.

ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರೆಲ್ಲ ಅತ್ತೆಯ ಸುತ್ತ ಕುಳಿತರು. "ಕೈಯಾರೆ ಉಣಿಸಿ ಸಾಕಿದ್ಯವ್ವಾ, ಕೂಸಿನ್ಹಂಗ ನೋಡಕೊಂಡಿ" ಎಂದು ಅತ್ತರು. ಚಾಚಿ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ. ಅತ್ತೆ ಎಲ್ಲರ ಮಾತಿಗೂ ತಲೆಯಾಡಿಸಿದರು. ಅಳಲಿಲ್ಲ. ಅಳದಿದ್ದಕ್ಕೂ, ದುಃಖ ಎದಿಯಾಗೇ ಹೆಪ್ಪುಗಟ್ಟೇದ ಎಂದು ಹೊಗಳಿದರು.

ಮುಂದೆ ಬೇಸಿಗೆ ರಜೆಯಲ್ಲಿ ಒಂದು ಮುಂಜಾನೆ ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದೆವು. ಮಾವನ ಮಂಚ ಆಗಲೇ ಹಿತ್ತಲಿಗೆ ಹೋಗಿತ್ತು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಅತ್ತೀ, ಒಂದ ದಿನಾ ಆದ್ರೂ ಅವರ ಮುಂದ ಉಣ್ಣೂವಾಗ ಪಾಪ ಅನಸಲಿಲ್ಲೇನ್ರಿ?"

ಅವರು ಮೊರವನ್ನು ಅಲ್ಲಾಡಿಸಿ, ಒಂದು ಹರಳು ಆರಿಸಿ ಆಚೆಗೆ ಒಗೆದರು.

"ಅನಸ್ತಿತ್ತು. ಅನಿಸಿದ ದಿನಾ ಒಂದ ತುತ್ತ ಹೆಚ್ಚಿಗಿ ಉಣ್ಣತಿದ್ದೆ."

ಮೊರ ಕೆಳಗಿಟ್ಟು ಅವರೇ ಕೇಳಿದರು: "ನೀ ಮ್ವಳಕಾಲ ಊರಿ ಉಣಸ್ತಿದ್ದಿ. ನಿನಗ ಅನಸಲಿಲ್ಲೇನು?"

ನಾನು ಬೇಳೆ ಕೇರುತ್ತಿದ್ದೆ. ಹೊಟ್ಟು ಹಾರಿ ಕಣ್ಣಿಗೆ ಬಿತ್ತು, ಸೆರಗಿನಿಂದ ಒರೆಸಿಕೊಂಡೆ. ಅಷ್ಟರಲ್ಲಿ ಹೊರಗೆ ಕಾಯಿಪಲ್ಲೆಯವಳು ಕೂಗಿದಳು. ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು, "ತಡಿಯಬೇ, ಬಂದೆ" ಎನ್ನುತ್ತ ಬಾಗಿಲಿಗೆ ಹೋದರು. ಮೆಂತೆ ಸೊಪ್ಪಿನ ಸಿವುಡಿನ ಬೆಲೆಗೆ ಅವಳೊಡನೆ ಜಗಳ ತೆಗೆದದ್ದು, ಕೊನೆಗೆ ನಕ್ಕು ಎರಡು ಸಿವುಡು ತಗೊಂಡದ್ದು ಒಳಗೆ ಕೇಳಿಸುತ್ತಿತ್ತು.