ಓಡದೇ ಹೋದ ರೀಲು

ನಮ್ಮ ಮನೆಯವರನ್ನು ಭಾಷಣಕ್ಕೆ ಕರೆಯುವವರಿಗೆ ಬೇರೆ ಕೆಲಸವಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಕರೆಯುತ್ತಾರೆ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್, ಮದುವೆ ಆಲ್ಬಂ ಪ್ರಿಂಟ್ ಮಾಡುವ ಸಿದ್ಧಲಿಂಗೇಶ್ ಎಂದರೆ ಈಗ ಎಲ್ಲರಿಗೂ ಗೊತ್ತು. ಎರಡು ದೊಡ್ಡ ಮಷೀನು, ಒಂಬತ್ತು ಜನ ಕೆಲಸದವರು. ಊರಿನಲ್ಲಿ ಯಾರದೇ ಹುಟ್ಟುಹಬ್ಬವಿರಲಿ, ಹಲ್ಲು ಕಿರಿದ ಆ ಮುಖಗಳೆಲ್ಲ ನಮ್ಮ ಅಂಗಡಿಯಿಂದಲೇ ಹೊರಟು ಕಂಬಕ್ಕೆ ನೇತು ಬೀಳಬೇಕು.

ಈ ವರ್ಷ ಇಲ್ಲಿಯ ಕಾಲೇಜೊಂದರಲ್ಲಿ ‘ನನ್ನ ಮೊದಲ ಉದ್ಯಮ’ ಎಂದು ಕಾರ್ಯಕ್ರಮ ಇಟ್ಟಿದ್ದರು. ಇವರು ಇಸ್ತ್ರಿ ಅಂಗಿ ತೊಟ್ಟು ಹೋಗಿ, ಇಪ್ಪತ್ತಾರನೇ ವಯಸ್ಸಿನಲ್ಲಿ ಆನವಟ್ಟಿಯಲ್ಲಿ ಫೋಟೊ ಸ್ಟುಡಿಯೋ ಇಟ್ಟ ಕಥೆ ಹೇಳಿದರು. ಕೈಯಿಂದ ರೀಲು ತಿರುಗಿಸುವ ಕ್ಯಾಮೆರಾ, ಗೋಣಿತಾಟು ಹೊಡೆದು ಕತ್ತಲೆ ಮಾಡಿದ ಡಾರ್ಕ್ ರೂಂ, ಬೆಟ್ಟದ ಚಿತ್ರ ಬರೆದ ಪರದೆ. ಹುಡುಗರು ನಕ್ಕರು, ಚಪ್ಪಾಳೆ ಹೊಡೆದರು. ಕಾರ್ಯಕ್ರಮ ನಡೆಸುತ್ತಿದ್ದ ಮೇಡಂ ಒಬ್ಬರು, ಎರಡೇ ವರ್ಷಕ್ಕೆ ಆ ಸ್ಟುಡಿಯೋ ಮುಚ್ಚಿದ್ದು ಯಾಕೆ ಸರ್ ಎಂದು ಕೇಳಿದರು. ದೊಡ್ಡ ಊರಿಗೆ ಬಂದರೆ ದೊಡ್ಡ ವ್ಯಾಪಾರ ಆಗುತ್ತದೆ ಅಂತ ಬಂದೆ ಎಂದು ಇವರು ಉತ್ತರ ಕೊಟ್ಟರು.

ಹಸಿ ಸುಳ್ಳು. ಮುಂದಿನ ಸಾಲಿನಲ್ಲೇ ಕೂತಿದ್ದ ನಾನು ಸೆರಗು ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸಿದೆ. ಆ ಸ್ಟುಡಿಯೋ ಯಾಕೆ ಮುಚ್ಚಿತು ಎಂಬುದು ಗಂಡ ಹೆಂಡತಿ ಇಬ್ಬರಿಗೇ ಗೊತ್ತು ಎಂದು ಅವತ್ತಿನವರೆಗೂ ನಾನು ನಂಬಿದ್ದೆ.

ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಅಂಗೈಯಲ್ಲಿ ಲಿಂಗ ಇಡುತ್ತಾರೆ. ಆಮೇಲೆ ಫೋಟೊದವನಿಗೆ ಹೇಳಿ ಕಳಿಸುತ್ತಾರೆ. ಆ ಕಾಲದಲ್ಲಿ ಹಳ್ಳಿಯ ಎಷ್ಟೋ ಹೆಂಗಸರು ಜೀವಮಾನದಲ್ಲಿ ತೆಗೆಸಿಕೊಂಡ ಫೋಟೊ ಅದೊಂದೇ. ಬದುಕಿದ್ದಾಗ ಯಾರೂ ನೋಡು ಎನ್ನದ ಮುಖವನ್ನು ಆಮೇಲೆ ಗೋಡೆಗೆ ಹಾಕಿ ದಿನಾ ಕೈಮುಗಿಯುತ್ತಾರೆ. ಮದುವೆ ಫೋಟೊಗೆ ಸೀಸನ್ ಇತ್ತು, ಇದಕ್ಕೆ ಸೀಸನ್ ಇರಲಿಲ್ಲ. ನಮ್ಮ ಅಂಗಡಿ ಉಸಿರಾಡುತ್ತಿದ್ದದ್ದೇ ಇದರಿಂದ ಎಂದು ಹೇಳಿಕೊಳ್ಳಲು ಈಗಲೂ ಮುಜುಗರವಾಗುತ್ತದೆ.

ಇಪ್ಪತ್ತೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಆನವಟ್ಟಿ ಹತ್ತಿರದ ಹಳ್ಳಿಯಿಂದ ಬೈಕಿನಲ್ಲಿ ಬಂದು ಕರೆದರು. ಪರಮಶಿವಪ್ಪ ಎಂಬ ರೈತರ ಹೆಂಡತಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಇಪ್ಪತ್ಮೂರು ವರ್ಷ, ಕೈಯಲ್ಲಿ ಎರಡು ವರ್ಷದ ಹೆಣ್ಣುಮಗು. ಆಕೆಯದು ಬೇರೆ ಒಂದು ಫೋಟೊವೂ ಇರಲಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಬೇಗ ಬರ್ರೀ ಎಂದರು. ಇವರು ಬೈಕಿನ ಹಿಂದೆ ಕೂತೇ, ಟವೆಲ್ ಮುಚ್ಚಿಕೊಂಡು ಕ್ಯಾಮೆರಾಕ್ಕೆ ರೀಲು ತುಂಬಿದರು. ರೀಲಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಬೇಕು. ಸಿಕ್ಕದಿದ್ದರೂ ಕ್ಯಾಮೆರಾ ಕ್ಲಿಕ್ ಎನ್ನುತ್ತದೆ, ಮೇಲಿನ ಅಂಕಿ ಏರುತ್ತದೆ, ರೀಲು ಮಾತ್ರ ಇದ್ದಲ್ಲೇ ಇರುತ್ತದೆ. ಇವರು ಆ ಹೆಣ್ಣಿನ ಮುಂದೆ ಮಂಡಿಯೂರಿ ಆರು ಸಲ ಕ್ಲಿಕ್ ಮಾಡಿದರು. ಮನೆಗೆ ಬಂದು ರೀಲು ತೊಳೆದರೆ ಗಾಜಿನ ಹಾಗೆ ಖಾಲಿ.

ಅಷ್ಟು ಹೊತ್ತಿಗೆ ಆಕೆ ಮಣ್ಣಿನಲ್ಲಿದ್ದಳು. ಇವರು ಒದ್ದೆ ರೀಲು ಹಿಡಿದುಕೊಂಡು ಚಿಕ್ಕ ಮಕ್ಕಳ ಹಾಗೆ ಅತ್ತರು. ಹೋಗಿ ನಿಜ ಹೇಳಿಬಿಡ್ತೀನಿ ಎಂದು ಎದ್ದವರ ತೋಳು ಹಿಡಿದು ಕೂರಿಸಿದವಳು ನಾನು. ಸುದ್ದಿ ಹಬ್ಬಿದರೆ ಅಂಗಡಿ ಉಳಿಯುವುದಿಲ್ಲ ಎಂಬ ಭಯ ನನಗೆ. ತಾಳಗುಂದದ ಕಡೆ ತೀರಿಕೊಂಡ ಒಬ್ಬ ಹೆಂಗಸಿನ ಫೋಟೊ ನಾಲ್ಕು ತಿಂಗಳಿಂದ ನಮ್ಮಲ್ಲೇ ಬಿದ್ದಿತ್ತು. ಅವರ ಕಡೆಯವರು ಯಾರೂ ತೆಗೆದುಕೊಂಡು ಹೋಗಲು ಬಂದಿರಲಿಲ್ಲ. ಹೆಚ್ಚುಕಮ್ಮಿ ಅದೇ ವಯಸ್ಸು, ಅದೇ ವಿಭೂತಿ, ಅದೇ ಹಾರ, ಮುಚ್ಚಿದ ಕಣ್ಣು.

"ಇದನ್ನೇ ಕೊಡ್ರಿ," ಎಂದೆ. "ಕೂರಿಸಿದ ಮ್ಯಾಲೆ ಎಲ್ರೂ ಒಂದೇ ತರ ಕಾಣ್ತಾರ. ಯಾರಿಗೆ ಗೊತ್ತಾಗ್ತೈತಿ?"

ಆ ಮಾತು ಆಡಿದ ಬಾಯಿ ಇದೇ. ಆಗ ನನಗೂ ಇಪ್ಪತ್ಮೂರೇ ವರ್ಷ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದ್ದೇನೆ, ಆಗಿಲ್ಲ.

ಪರಮಶಿವಪ್ಪನವರು ಬಂದರು. ಪೇಪರು ಬಿಚ್ಚಿ ಫ್ರೇಮು ನೋಡಿದರು. ಬಹಳ ಹೊತ್ತು ನೋಡಿದರು. ಚೆನ್ನಾಗಿ ಬಂದೈತಿ ಎಂದು ಮತ್ತೆ ಸುತ್ತಿಕೊಂಡು ಬಸ್ಸಿಗೆ ಹೋದರು. ನೋಡಿದ್ರಾ, ನಾನು ಹೇಳಿರಲಿಲ್ವಾ ಎಂದು ನಾನು ಗೆದ್ದವಳ ಹಾಗೆ ಮಾತಾಡಿದೆ.

ಕೆಲವು ತಿಂಗಳ ಮೇಲೆ ಅದೇ ಊರಿನಲ್ಲಿ ತೊಟ್ಟಿಲ ಕಾರ್ಯದ ಫೋಟೊಗೆ ಹೋದಾಗ ಪರಮಶಿವಪ್ಪನವರು ಇವರನ್ನು ಕಂಡು ಚಹಾಕ್ಕೆ ಕರೆದರಂತೆ. ಒಳಗೆ ಗೋಡೆಯ ಮೇಲೆ ಆ ಫೋಟೊ, ಗಾಜಿನ ಮೇಲೆ ಕುಂಕುಮ, ಮುಂದೆ ದೀಪ. ಅಜ್ಜಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವ್ವ ಎಲ್ಲಿ ಎಂದು ಕೇಳಿದರೆ ಮಗು ಆ ಗಾಜಿಗೆ ಬೆರಳಿಟ್ಟು ‘ಅವ್ವ’ ಎಂದಿತಂತೆ. ಇವರು ಚಹಾ ಮುಟ್ಟದೆ ಎದ್ದು ಬಂದರು. ಮೂರು ದಿನ ಜ್ವರ. ಅದಾದ ಮೇಲೆ ಸಾವಿನ ಮನೆಯ ಫೋಟೊಗೆ ಹೋಗುವುದನ್ನೇ ಬಿಟ್ಟರು. ಅದನ್ನು ಬಿಟ್ಟ ಮೇಲೆ ಸ್ಟುಡಿಯೋ ನಿಲ್ಲುವುದಾದರೂ ಹೇಗೆ? ಬಾಗಿಲು ಹಾಕಿ ಶಿಕಾರಿಪುರಕ್ಕೆ ಬಂದೆವು.

ಬಂದ ಮೇಲೆ ಬೆಳೆದೆವು, ಅದನ್ನೇನು ಮುಚ್ಚಿಡಲಿ. ಆದರೆ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ಯಾರೇ ಬಂದರೂ ಇವರು ಸುಮ್ಮನೆ ಪ್ರಿಂಟಿಗೆ ಬಿಡುವುದಿಲ್ಲ. ಕಂಪ್ಯೂಟರಿನ ಮುಂದೆ ಕೂರಿಸಿ, ಇವರೇ ತಾನೇ, ಸರಿಯಾಗಿ ನೋಡಿ ಹೇಳ್ರಿ ಎಂದು ಮೂರು ಮೂರು ಸಲ ಕೇಳುತ್ತಾರೆ. ನಮ್ಮಪ್ಪ ನಮಗೆ ಗೊತ್ತಿಲ್ವೇನ್ರೀ ಎಂದು ಜನ ರೇಗುತ್ತಾರೆ. ಕೆಲಸದವರು ಮುಸಿಮುಸಿ ನಗುತ್ತಾರೆ. ನಾನು ಮಾತ್ರ ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ಏನಾದರೊಂದು ನೆಪ ಮಾಡಿ ಎದ್ದು ಹೋಗುತ್ತೇನೆ.

ಭಾಷಣದ ಮರುದಿನ ಬೆಳಿಗ್ಗೆ ಕಾಲೇಜಿನ ಆ ಮೇಡಂ ಅಂಗಡಿಗೆ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಕೈಯಲ್ಲಿ ಟವೆಲ್ ಸುತ್ತಿದ ಫ್ರೇಮು. ಬಿಚ್ಚಿ ಟೇಬಲ್ಲಿನ ಮೇಲಿಟ್ಟಾಗ ಇವರು ಕುರ್ಚಿಯಿಂದ ಎದ್ದು ನಿಂತರು. ಗಾಜಿನ ಮೇಲೆ ಕುಂಕುಮದ ಕಲೆ ಹಾಗೇ ಇತ್ತು.

"ನಾನು ಪರಮಶಿವಪ್ಪನ ಮಗಳು, ಶರಣ್ಯ. ಇದನ್ನ ವಾಪಸ್ ಕೊಡಾಕೆ ಬಂದೀನಿ," ಎಂದಳು.

ಜನವರಿಯಲ್ಲಿ ಅವಳ ಅಪ್ಪ ತೀರಿಕೊಂಡರಂತೆ. ಅದಕ್ಕೆ ಎಂಟು ದಿನ ಮೊದಲು ಮಗಳನ್ನು ಹತ್ತಿರ ಕೂರಿಸಿಕೊಂಡು, ಇದು ನಿಮ್ಮವ್ವ ಅಲ್ಲ ಎಂದು ಹೇಳಿದರಂತೆ. ನಮ್ಮ ಅಂಗಡಿಯಲ್ಲಿ ಪೇಪರು ಬಿಚ್ಚಿದ ಗಳಿಗೆಯಲ್ಲೇ ಅವರಿಗೆ ಗೊತ್ತಾಗಿತ್ತು. ಆದರೆ ಮನೆಯಲ್ಲಿ ಅವರ ಅತ್ತೆ, ತೀರಿಕೊಂಡ ತನ್ನ ಮಗಳ ಮುಖ ನೋಡದೆ ಅನ್ನ ಮುಟ್ಟುವುದಿಲ್ಲ ಎಂದು ಕೂತಿದ್ದಳು, ಕಣ್ಣಿಗೆ ಪೊರೆ ಬಂದು ಅವಳಿಗೆ ಮುಖದ ಗುರುತು ಸಿಗುತ್ತಿರಲಿಲ್ಲ. ಇದಲ್ಲ ಎಂದು ಹೇಳಿದರೆ ಬೇರೆ ಯಾವುದೂ ಬರುವುದಿಲ್ಲ ಎಂದು ಆ ಮನುಷ್ಯ ಸುಮ್ಮನಾಗಿದ್ದರು. ನೆಂಟರು, ಸತ್ತ ಮೇಲೆ ಮುಖ ಬದಲಾಗ್ತೈತಿ ಎಂದು ತಾವೇ ಅರ್ಥ ಮಾಡಿಕೊಂಡರು. ಆಮೇಲೆ ಮಗಳು ದಿನಾ ಶಾಲೆಗೆ ಹೋಗುವ ಮುಂಚೆ ಆ ಫೋಟೊದ ಜೊತೆ ಮಾತಾಡತೊಡಗಿದ ಮೇಲೆ ಹೇಳುವ ಧೈರ್ಯ ಅವರಿಗೆ ಬರಲಿಲ್ಲ.

ಹಾಗಾದರೆ ಅವ್ವ ಹೇಗಿದ್ದಳು ಎಂದು ಇವಳು ಕೇಳಿದಳಂತೆ. ಅಪ್ಪ ಅತ್ತರಂತೆ. ಇದಕ್ಕೇ ದೀಪ ಹಚ್ಚಿ ಹಚ್ಚಿ ಅವಳ ಮುಖ ಅಳಿಸಿಹೋತು ಎಂದರಂತೆ. ದೊಡ್ಡಮ್ಮ ಗುಂಡು ಮುಖ ಎನ್ನುತ್ತಾರೆ, ಸೋದರಮಾವ ಕೋಲು ಮುಖ ಎನ್ನುತ್ತಾರೆ.

"ನಾನು ಜಗಳಕ್ಕೆ ಬಂದಿಲ್ಲ ಸರ್," ಎಂದಳು. "ಅವತ್ತು ನಮ್ಮವ್ವನ ಮುಖಾನ ಕ್ಯಾಮೆರಾದಾಗ ಇಟ್ಟು ನೋಡಿದವರು ನೀವೊಬ್ರೇ. ಹೆಂಗಿದ್ರು ಹೇಳ್ರಿ. ಅಷ್ಟು ಸಾಕು ನಂಗೆ."

ಏನಾದರೂ ಹೇಳಲಿ, ನಿನ್ನ ಹಾಗೇ ಇದ್ದರು ಎಂದಾದರೂ ಹೇಳಲಿ ಎಂದು ನಾನು ದೇವರಿಗೆ ಬೇಡಿಕೊಂಡೆ. ಹೌದು, ಈಗಲೂ ನನ್ನ ತಲೆ ಓಡಿದ್ದು ಸುಳ್ಳಿನ ಕಡೆಗೇ. ಇವರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಪಕ್ಕದ ಕೋಣೆಯಲ್ಲಿ ಮಷೀನು ಯಾರದೋ ಫ್ಲೆಕ್ಸ್ ಹೊರಹಾಕುತ್ತಲೇ ಇತ್ತು. ಅದು ಮುಗಿಯುವವರೆಗೂ ಇವರು ಕಣ್ಣು ತೆರೆಯಲಿಲ್ಲ.

"ದಿನಾ ನೆನಸ್ತೀನಿ ತಾಯಿ," ಎಂದರು. "ಕಣ್ಣು ಮುಚ್ಚಿದ್ರ ನಂಗೂ ಈ ಮುಖಾನೇ ಬರ್ತೈತಿ. ನಿಮ್ಮವ್ವ ಬರವಲ್ಲರು."

ನನಗೆ ತಡೆಯಲಾಗಲಿಲ್ಲ. ಇದನ್ನು ಕೊಡಲು ಹೇಳಿದವಳು ನಾನು ಎಂದು ಅವಳ ಮುಂದೆ ಒಪ್ಪಿಕೊಂಡೆ. ಅವಳು ನನ್ನನ್ನು ಒಮ್ಮೆ ನೋಡಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು, ಬೈಯಲಿಲ್ಲ. ಫ್ರೇಮನ್ನು ಎತ್ತಿಕೊಂಡು ಮತ್ತೆ ಟವೆಲ್ ಸುತ್ತತೊಡಗಿದಳು. ವಾಪಸ್ ಕೊಡ್ತೀನಿ ಅಂದಿದ್ಯಲ್ಲಮ್ಮ ಎಂದು ಇವರು ಮೆಲ್ಲಗೆ ಕೇಳಿದರು.

"ಹೆಂಗೆ ಬಿಟ್ಟು ಹೋಗ್ಲಿ ಸರ್," ಎಂದಳು. "ನಂಗೆ ಇರೋ ಅವ್ವ ಇವರೊಬ್ರೇ."